17 ಪ್ಯಾಡ್‌ಗಳ ಕಿಟ್ ತರಿಸಿ ಮಾವನ ಕ್ಲಾರಿಯೋನೆಟ್ ಮನೆಯಲ್ಲೇ ಸರಿ ಮಾಡಿದೆ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನ ಪ್ಯಾಡ್‌ಗಳಿಗೆ, ಅಂದರೆ ಕೀಯ ತುದಿಯಲ್ಲಿದ್ದು ವಾದ್ಯದ ತೂತು ಮುಚ್ಚುವ ಮೆತ್ತನೆಯ ಬಿಲ್ಲೆಗಳಿಗೆ, ಐದಕ್ಕೆ ನಾಲ್ಕು ಅಂಕ. ಜೊತೆಗೆ ಬರುವ ಅಂಟಿಗೆ ಒಂದು. ಸ್ಕ್ರೂ ಡ್ರೈವರ್‌ಗೆ ಎರಡು. ಆನ್‌ಲೈನ್‌ನಲ್ಲಿ 640 ರೂಪಾಯಿ ಕೊಟ್ಟು ತರಿಸಿದ್ದು. ಡಬ್ಬಿಯ ಮೇಲೆ ಕಂಪನಿ ಹೆಸರಿಲ್ಲ. ಇಂಥವು ಹತ್ತಾರು ಸಿಗುತ್ತವೆ, ಎಲ್ಲದಕ್ಕೂ ಒಂದೇ ಫೋಟೋ ಹಾಕಿರುತ್ತಾರೆ. ಆದ್ದರಿಂದ ನನ್ನ ಕೈಗೆ ಬಂದ ಡಬ್ಬಿಯ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ಆದರೆ ಯಾವ ಕಿಟ್ ತರಿಸಿದರೂ ಎದುರಾಗುವ ತೊಂದರೆಗಳು ಹೆಚ್ಚುಕಡಿಮೆ ಇವೇ. ಮೊದಲ ಸಲ ಕೈ ಹಾಕುವವರಿಗೆ ಗೊತ್ತಿರಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ವಾದ್ಯ ನನ್ನ ಸೋದರಮಾವನದು. ಮಂಡ್ಯ ಕಡೆ ಮದುವೆ ಬ್ಯಾಂಡ್ ಸೆಟ್‌ನಲ್ಲಿ ತುಂಬಾ ವರ್ಷ ನುಡಿಸಿದ್ದು. ಎಬೊನೈಟ್ ಕ್ಲಾರಿಯೋನೆಟ್, ಬೋಮ್ ಸಿಸ್ಟಂ (ಕೀಗಳನ್ನು ಜೋಡಿಸುವ ಒಂದು ಪದ್ಧತಿ), 17 ಕೀ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು ಬಿದ್ದರೆ ಕಪ್ಪು ಹೋಗಿ ಹಸಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಮಾವನದೂ ಒಂದು ಬದಿ ಹಾಗೇ ಆಗಿದೆ. ಎಷ್ಟು ಮೆರವಣಿಗೆ ಬಿಸಿಲು ಕಂಡಿದೆಯೋ ಏನೋ. ಅವರು ನುಡಿಸುವುದು ಬಿಟ್ಟ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಮೈಸೂರಿನಲ್ಲಿ ಒಬ್ಬ ಮೇಷ್ಟ್ರ ಹತ್ತಿರ ನಾನು ಕಲಿಯೋಕೆ ಶುರು ಮಾಡಿದಾಗ ಮಾವ ಕೊಟ್ಟು ಕಳಿಸಿದರು.

ಸರಳೆ ವರಸೆ ಹೇಗೋ ನಡೆಯುತ್ತಿತ್ತು. ಮಂದ್ರಕ್ಕೆ ಇಳಿದರೆ ಮಾತ್ರ ಸದ್ದು ಒಡೆದುಹೋಗುತ್ತಿತ್ತು. ಜಾಸ್ತಿ ಊದಿದರೆ ಕೀರಲು, ಕಡಿಮೆ ಊದಿದರೆ ಬರೀ ಗಾಳಿ. ರೀಡ್ (ಊದುವ ತುದಿಯಲ್ಲಿ ಅದುರಿ ಸದ್ದು ಹುಟ್ಟಿಸುವ ಪಟ್ಟಿ) ಸರಿಯಿಲ್ಲ ಅಂದುಕೊಂಡು ಮೂರು ರೀಡ್ ಬದಲಾಯಿಸಿದೆ. ಕ್ಲಾರಿಯೋನೆಟ್‌ನಲ್ಲಿ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರ ಹಿಂದೂಸ್ತಾನಿ ಕೇಳಿ, ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಅವರ ಕರ್ನಾಟಕ ಸಂಗೀತ ಕೇಳಿ ಕಲಿಯೋಕೆ ಬಂದವಳು ನಾನು. ಈ ವಾದ್ಯದ ಕೆಳಗಿನ ಸ್ವರಗಳೇ ನನಗೆ ಇಷ್ಟ, ಆ ಸ್ವರಗಳೇ ಬರುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ ವಾದ್ಯ ಇಸಕೊಂಡು, ಮೇಲಿನ ಜಾಯಿಂಟ್ (ಕೀಗಳಿರುವ ಎರಡು ತುಂಡುಗಳಲ್ಲಿ ಮೇಲಿನದು) ಬಿಚ್ಚಿ, ತಳಕ್ಕೆ ಅಂಗೈ ಒತ್ತಿ, ತೂತುಗಳನ್ನೆಲ್ಲ ಮುಚ್ಚಿ ಗಾಳಿ ಎಳೆದರು. ಸೋರದಿದ್ದರೆ ಅದು ತುಟಿಗೆ ಕಚ್ಚಿಕೊಂಡು ನಿಲ್ಲಬೇಕಿತ್ತು. ಸುಯ್ ಅಂತ ಗಾಳಿ ಒಳಗೆ ಬಂತು. "ನಿನ್ನ ಊದೋದ್ರಲ್ಲಿ ತಪ್ಪಿಲ್ಲಮ್ಮ, ಪ್ಯಾಡೆಲ್ಲ ಹೋಗಿದೆ" ಅಂದರು. ಕೆಳಗಿನ ಸ್ವರ ಬರಬೇಕಾದರೆ ಮೇಲಿನ ತೂತುಗಳೆಲ್ಲ ಮುಚ್ಚಿರಬೇಕು. ಮೇಲೆಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸೋರಿದರೂ ಕೆಳಗಿನದು ಕೆಡುತ್ತದೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. 4,500 ರೂಪಾಯಿ, ಮೂರು ವಾರ ಅಂದರು. ಆ ಕೆಲಸಕ್ಕೆ ಅದು ಜಾಸ್ತಿ ಅಂತ ಈಗ ಹೇಳಲಾರೆ, ಕೂತು ಮಾಡಿದ ಮೇಲೆ ಎಷ್ಟು ಕಷ್ಟ ಅಂತ ಗೊತ್ತಾಗಿದೆ. ಆಗ ನನ್ನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ, ಅಷ್ಟೇ.

ಕಿಟ್‌ನಲ್ಲಿ ಇದ್ದದ್ದು ಇಷ್ಟು: 17 ಪ್ಯಾಡ್, ಬಿಳಿ ಅಂಟಿನ ಒಂದು ಕಡ್ಡಿ, ಚಿಕ್ಕ ಸ್ಕ್ರೂ ಡ್ರೈವರ್, ಒಂದು ತುಂಡು ಕಾರ್ಕ್ ಹಾಳೆ. ಅಳತೆ ಚೀಟಿ ಇಲ್ಲ, ಯಾವ ಪ್ಯಾಡ್ ಯಾವ ಕೀಗೆ ಅನ್ನುವ ಚಿತ್ರವೂ ಇಲ್ಲ. ಪ್ಯಾಡ್‌ಗಳನ್ನು ಒಂದೇ ಪ್ಲಾಸ್ಟಿಕ್ ಕವರ್‌ಗೆ ತುಂಬಿಸಿದ್ದರು. ಇದು ನನಗೆ ಬೇಜಾರಾಯಿತು. ಹೊಸಬರಿಗೆ ಅಂತಲೇ ಮಾರುವ ವಸ್ತುವಿನಲ್ಲಿ ಒಂದು ಚೀಟಿ ಹಾಕೋಕೆ ಎಷ್ಟು ಖರ್ಚಾಗುತ್ತೆ?

ಪ್ಯಾಡ್ ಮಾತ್ರ ಚೆನ್ನಾಗಿವೆ. ಹಿಂದೆ ರಟ್ಟು, ಮೇಲೆ ಉಣ್ಣೆಯ ಫೆಲ್ಟ್, ಅದರ ಮೇಲೆ ಎರಡು ಪದರ ತೆಳು ಪೊರೆ. ಇದಕ್ಕೆ ಫಿಶ್ ಸ್ಕಿನ್ ಅನ್ನುತ್ತಾರೆ, ಆದರೆ ಮೀನಿಗೂ ಇದಕ್ಕೂ ಸಂಬಂಧವಿಲ್ಲ. ದನದ ಕರುಳಿನ ಹೊರಪೊರೆ ಅದು. ಮನೆಯಲ್ಲಿ ಇದು ಬೇಡ ಅನ್ನುವವರಿಗೆ ಸಿಂಥೆಟಿಕ್ ಪ್ಯಾಡ್ ಸಿಗುತ್ತವೆ, ಬೆಲೆ ಜಾಸ್ತಿ. 17ರಲ್ಲಿ ಒಂದರ ಪೊರೆ ಅಂಚಿನಲ್ಲಿ ಸುಕ್ಕಾಗಿತ್ತು, ಉಳಿದ 16 ನಯವಾಗಿ, ಮಟ್ಟವಾಗಿ ಇದ್ದವು. ಈ ಬೆಲೆಗೆ ಇದು ಒಳ್ಳೆಯದೇ.

ಅಳತೆಗೆ ಬರೋಣ. 17ರಲ್ಲಿ 11 ಪ್ಯಾಡ್ ಮೇಲಿನ ಜಾಯಿಂಟ್‌ಗೆ, 6 ಕೆಳಗಿನದಕ್ಕೆ. ಮೇಲಿನವು ಬಹುಪಾಲು ಚಿಕ್ಕವು, 9ರಿಂದ 10 ಮಿ.ಮೀ. ಆಸುಪಾಸು. ಕೆಳಗಿನ ನಾಲ್ಕು ದೊಡ್ಡವು, 16ರಿಂದ 17. ಒಂದೊಂದು ಮಾಡೆಲ್‌ಗೂ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಆ ಅರ್ಧ ಮಿಲಿಮೀಟರೇ ಮುಖ್ಯ. ಹಳೇ ಪ್ಯಾಡ್ ಅಳೆದು ತರಿಸಬೇಡಿ, ಅದು ಒತ್ತಿ ಒತ್ತಿ ಹರಡಿಕೊಂಡಿರುತ್ತದೆ. ಕೀಯ ತುದಿಯಲ್ಲಿ ಬಟ್ಟಲಿನ ಹಾಗಿರುವ ಕಪ್‌ನ ಒಳಗಡೆ ಅಳೆಯಿರಿ, ವರ್ನಿಯರ್ ಇಟ್ಟು. ನಾನು ತರಿಸುವ ಮುಂಚೆ ಅಳೆಯಲಿಲ್ಲ. ಎರಡು ಚಿಕ್ಕ ಪ್ಯಾಡ್ ಸಡಿಲವಾದವು, ಒಂದು ದೊಡ್ಡದು ಒಳಗೇ ಹೋಗಲಿಲ್ಲ. ದಪ್ಪವನ್ನೂ ನೋಡಬೇಕು. ಹಳೆಯವು ಎರಡೂವರೆ ಮಿ.ಮೀ. ದಪ್ಪ ಇದ್ದವು, ಕಿಟ್‌ನವು ಮೂರು. ಪ್ಯಾಡ್ ದಪ್ಪವಾದರೆ ಕೀಲಿನ ಕಡೆಯ ಅಂಚು ಮೊದಲು ತೂತಿಗೆ ತಾಗಿ ಮುಂದಿನ ಕಡೆ ಸಂದು ಉಳಿಯುತ್ತದೆ. ತೆಳುವಾದರೆ ಉಲ್ಟಾ, ಮುಂದೆ ತಾಗಿ ಹಿಂದೆ ಸಂದು. ಇದನ್ನು ಒಂದು ಸಲ ಕಣ್ಣಾರೆ ನೋಡಿದ ಮೇಲೆ ಅರ್ಧ ಕೆಲಸ ಅರ್ಥವಾದ ಹಾಗೆ.

ಬಿಚ್ಚುವ ಕೆಲಸಕ್ಕೆ ಒಂದು ಭಾನುವಾರ ಇಡೀ ಹೋಯಿತು. ಪ್ರತಿ ಕೀ ತೆಗೆಯುವ ಮುಂಚೆ ಒಂದು ಫೋಟೋ. ಒಂದು ಥರ್ಮೋಕೋಲ್ ಹಾಳೆಯ ಮೇಲೆ ವಾದ್ಯದ ಚಿತ್ರ ಬರೆದು, ಕೀ ಎಲ್ಲಿತ್ತೋ ಅಲ್ಲೇ ಇಟ್ಟು, ಅದರ ಸ್ಕ್ರೂವನ್ನು ಪಕ್ಕದಲ್ಲೇ ಚುಚ್ಚಿದೆ. ಸ್ಕ್ರೂಗಳೆಲ್ಲ ಒಂದೇ ಥರ ಕಾಣುತ್ತವೆ, ಒಂದೇ ಅಲ್ಲ. ಉದ್ದ ಬೇರೆ, ತಲೆ ಬೇರೆ. ಕಲಸಿಹೋದರೆ ಮತ್ತೆ ಹೊಂದಿಸುವುದು ಬಹಳ ಕಷ್ಟ. ಸೂಜಿಯಂಥ ಸ್ಪ್ರಿಂಗ್‌ಗಳನ್ನು ಕೊಕ್ಕೆಯಿಂದ ಬಿಡಿಸಿ ಆಮೇಲೆ ಕೀ ಎತ್ತಬೇಕು. ಅದಕ್ಕೆ ಅಮ್ಮನ ಕ್ರೋಶಾ ಕಡ್ಡಿ ಹೇಳಿ ಮಾಡಿಸಿದ ಹಾಗಿತ್ತು. ಕಿಟ್‌ನ ಸ್ಕ್ರೂ ಡ್ರೈವರ್ ನಾಲ್ಕನೇ ಸ್ಕ್ರೂಗೇ ತುದಿ ತಿರುಚಿಕೊಂಡಿತು. ವರ್ಷಗಟ್ಟಲೆ ಕೂತು ಹಿಡಿದಿದ್ದ ಸ್ಕ್ರೂ ಅದು, ಆದರೂ ಅದಕ್ಕೇ ತಾನೆ ಡ್ರೈವರ್ ಬೇಕಿರುವುದು. ವಾಚ್ ರಿಪೇರಿಯವರ ಸೆಟ್ ಒಂದು ಕೊಂಡುಕೊಳ್ಳಿ. ಹಿಡಿದುಕೊಂಡ ಸ್ಕ್ರೂಗೆ ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ, ಬಲ ಹಾಕಬೇಡಿ.

ಈಗ ಅಂಟು. ಇದರ ಬಗ್ಗೆ ನಾನು ಜಾಸ್ತಿ ಹೇಳಬೇಕು.

ಕಿಟ್‌ನ ಬಿಳಿ ಕಡ್ಡಿ ಬಿಸಿಯಾದರೆ ದಾರ ದಾರವಾಗಿ ಎಳೆಯುತ್ತದೆ, ಸ್ವಲ್ಪ ಹೆಚ್ಚು ಬಿಸಿಯಾದರೆ ಗುಳ್ಳೆ ಏಳುತ್ತದೆ, ಬೆಂಕಿ ಸರಿಸಿದ ಕೂಡಲೇ ಗಟ್ಟಿಯಾಗುತ್ತದೆ. ಪ್ಯಾಡ್ ಸ್ವಲ್ಪ ಓರೆಯಾಗಿ ಕೂತರೆ ತಿದ್ದೋಕೆ ಸಮಯವೇ ಕೊಡುವುದಿಲ್ಲ. ಮೊದಲ ಮೂರು ಪ್ಯಾಡ್ ಅದರಲ್ಲೇ ಅಂಟಿಸಿದೆ, ಮೂರನ್ನೂ ಕಿತ್ತೆ. ಮೇಷ್ಟ್ರಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅರಗು ಇಲ್ವಾ?"

ಪ್ಯಾಡ್‌ಗೆ ಹಿಂದಿನಿಂದಲೂ ಬಳಸುವ ಶೆಲಾಕ್ ಅಂದರೆ ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಗೆ ಕಡಸಲು ಯಂತ್ರದಲ್ಲಿ ಬಣ್ಣ ಹತ್ತಿಸುವುದೂ ಇದರಲ್ಲೇ. ಹೊರದೇಶಗಳಿಂದ ಕಡ್ಡಿ ರೂಪದಲ್ಲಿ ಬರುವುದನ್ನು ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ, ಆದರೆ ಅರಗು ಹೆಚ್ಚಾಗಿ ಬೆಳೆಯುವುದೇ ನಮ್ಮ ದೇಶದಲ್ಲಿ, ಜಾರ್ಖಂಡ್ ಕಡೆ. ಮರದ ಪಾಲಿಶ್ ಸಾಮಾನು ಮಾರುವ ಅಂಗಡಿಯಲ್ಲಿ ಅರಗಿನ ಚೂರು ಸಿಕ್ಕಿತು. 100 ಗ್ರಾಂ ತಂದೆ, ಹತ್ತು ಕ್ಲಾರಿಯೋನೆಟ್‌ಗಾಗುವಷ್ಟು ಇನ್ನೂ ಉಳಿದಿದೆ. ಹಳೇ ಸೌಟಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಒದ್ದೆ ಮಾಡಿದ ಕಲ್ಲಿನ ಮೇಲೆ ಹೊಸೆದು ಕಡ್ಡಿ ಮಾಡಿಕೊಂಡೆ. ಒಂದು ಎಚ್ಚರ: ತುಂಬಾ ಹೊತ್ತು ಕಾಯಿಸಿದರೆ ಅರಗು ರಬ್ಬರ್ ಥರ ಆಗಿ ಮತ್ತೆ ಕರಗುವುದೇ ಇಲ್ಲ. ಕರಗಿತು ಅಂದ ತಕ್ಷಣ ಇಳಿಸಿ. ಇನ್ನೊಂದು: ಪಾರ್ಸೆಲ್‌ಗೆ ಸೀಲ್ ಒತ್ತುವ ಕೆಂಪು ಕಡ್ಡಿಯನ್ನು ಇದಕ್ಕೆ ತರಬೇಡಿ. ಅದರಲ್ಲಿ ಬೇರೆ ಏನೇನೋ ಸೇರಿಸಿರುತ್ತಾರೆ, ಪುಡಿಪುಡಿಯಾಗಿ ಉದುರುತ್ತದೆ.

ಮಾವನ ವಾದ್ಯದ ಹಳೇ ಅಂಟೂ ಅರಗೇ ಆಗಿತ್ತು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಕಂದು ಬಣ್ಣ ಬಿಟ್ಟು ಕರಗಿತು. ಕಪ್‌ಗಳು ಒಳಗಿನಿಂದ ಫಳಫಳ ಹೊಳೆದವು. ಈ ಕೆಲಸ ಮಾಡುವಾಗ ಕಿಟಕಿ ತೆಗೆದಿಡಿ, ಸ್ಪಿರಿಟ್ ಬಾಟಲಿಯನ್ನು ದೀಪದ ಹತ್ತಿರ ಇಡಬೇಡಿ.

ಹಾಕುವ ಕ್ರಮ ಹೀಗೆ. ಕೀಯನ್ನು ಇಕ್ಕಳದಲ್ಲಿ ಹಿಡಿದು ಕಪ್‌ನ ಬೆನ್ನನ್ನು ಸ್ಪಿರಿಟ್ ದೀಪದ ಮೇಲೆ ಬಿಸಿ ಮಾಡಿ, ಅರಗಿನ ಕಡ್ಡಿ ಮುಟ್ಟಿಸಿದರೆ ಒಂದು ಹನಿ ಕರಗಿ ಹರಡುತ್ತದೆ. ಪ್ಯಾಡ್‌ನ ಪಕ್ಕದಲ್ಲಿ ಸೂಜಿಯಿಂದ ಒಂದು ಸಣ್ಣ ಚುಚ್ಚು, ಇಲ್ಲದಿದ್ದರೆ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಪೊರೆ ಗುಳ್ಳೆಯಂತೆ ಉಬ್ಬುತ್ತದೆ. ಆಮೇಲೆ ಪ್ಯಾಡ್ ಇಟ್ಟು ಮಟ್ಟವಾಗಿ ಒತ್ತುವುದು. ಇಲ್ಲಿಗೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. "ಅಂಟಿಸೋದು ಯಾರು ಬೇಕಾದ್ರೂ ಅಂಟಿಸ್ತಾರಮ್ಮ, ಕೂರ್ಬೇಕು ಅದು" ಅಂತ ಮೇಷ್ಟ್ರು ಹೇಳುತ್ತಿದ್ದದ್ದು ಇದರ ಮುಂದಿನ ಕೆಲಸಕ್ಕೆ. ಕೀಯನ್ನು ವಾದ್ಯಕ್ಕೆ ಹಾಕಿ, ಕಪ್‌ಗೆ ಮತ್ತೆ ಸ್ವಲ್ಪವೇ ಬಿಸಿ ಮುಟ್ಟಿಸಿದರೆ ಅರಗು ಮೆತ್ತಗಾಗಿ ಪ್ಯಾಡ್ ಅದರ ಮೇಲೆ ತೇಲುತ್ತದೆ. ಆಗ ತೆಳು ಸ್ಟೀಲ್ ಪಟ್ಟಿ ತೂರಿಸಿ ಯಾವ ಕಡೆ ಎತ್ತಬೇಕೋ ಎತ್ತಿ, ಯಾವ ಕಡೆ ಇಳಿಸಬೇಕೋ ಇಳಿಸಿ, ಮೆಲ್ಲಗೆ ಮುಚ್ಚಿ, ಆರುವವರೆಗೆ ಬೆರಳು ತೆಗೆಯದೆ ಹಿಡಿಯಬೇಕು. ಆರಿದ ಮೇಲೆ ಪೊರೆಯ ಮೇಲೆ ತೂತಿನ ಅಂಚಿನ ಗುರುತು ಉಂಗುರದಂತೆ ತೆಳ್ಳಗೆ, ಸುತ್ತಲೂ ಒಂದೇ ಸಮ ಮೂಡಿರಬೇಕು. ಕ್ಲಿಪ್ ಹಾಕಿ ರಾತ್ರಿಯಿಡೀ ಬಿಗಿಯುವ ಪದ್ಧತಿ ನನಗೆ ಹಿಡಿಸಲಿಲ್ಲ. ಆಳವಾದ ಗುರುತು ಬಿದ್ದು ಮೇಲ್ನೋಟಕ್ಕೆ ಚೆನ್ನಾಗಿ ಕೂತ ಹಾಗೆ ಕಾಣುತ್ತದೆ, ನಾಲ್ಕು ದಿನಕ್ಕೆ ಫೆಲ್ಟ್ ಮತ್ತೆ ಉಬ್ಬಿ ಸೋರುತ್ತದೆ.

ವಾದ್ಯದ ಮೇಲೆ ಇಟ್ಟು ಬಿಸಿ ಮಾಡುವುದಿದೆಯಲ್ಲ, ಅದೊಂದು ಭಯದ ಕೆಲಸ. ಎಬೊನೈಟ್ ಸ್ವಲ್ಪ ಕಾದರೂ ಗಂಧಕದ ವಾಸನೆ ಬರುತ್ತದೆ. ಪ್ಲಾಸ್ಟಿಕ್ ಬಾಡಿಯ ವಾದ್ಯವಾದರೆ ಕರಗಿಯೇ ಹೋಗಬಹುದು. ಮರದ್ದಾದರೆ ಸುಟ್ಟ ಕಲೆ. ನಾನು ಬೆಂಕಿ ಬಿಟ್ಟು, ಹಳೇ ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಕಪ್‌ನ ಬೆನ್ನಿಗೆ ಮುಟ್ಟಿಸಿ ಬಿಸಿ ಮಾಡಿದೆ. ನಿಧಾನ, ಆದರೆ ಪಕ್ಕಕ್ಕೆ ಬಿಸಿ ತಾಗುವುದಿಲ್ಲ. ಕಪ್‌ನ ಬೆಳ್ಳಿ ಬಣ್ಣ ಒಂದೆರಡು ಕಡೆ ಮಂಕಾಯಿತು, ಪರವಾಗಿಲ್ಲ.

ಸೋರಿಕೆ ನೋಡೋಕೆ ಸಿಗರೇಟ್ ಸುತ್ತುವ ತೆಳು ಕಾಗದ ಸಾಕು. ಮೂರ್ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಪ್ಯಾಡ್ ಕೆಳಗೆ ಇಟ್ಟು, ಕೀ ಮುಚ್ಚಿ ಮೆಲ್ಲಗೆ ಎಳೆಯಿರಿ. ಹಿಂದೆ, ಮುಂದೆ, ಎಡ, ಬಲ, ನಾಲ್ಕೂ ಕಡೆ ಒಂದೇ ಹಿಡಿತ ಇರಬೇಕು. ಎಳೆದರೆ ಜಾರಿ ಬಂದ ಕಡೆ ಗಾಳಿಯೂ ಹೋಗುತ್ತದೆ. ಸುಮ್ನೆ ಕಣ್ಣಲ್ಲಿ ನೋಡಿ ನಂಬಬೇಡಿ.

ಮೇಲಿನ ಜಾಯಿಂಟ್‌ನ 11ರಲ್ಲಿ ಎಂಟು ಪ್ಯಾಡ್ ಎರಡು ಸಂಜೆಯಲ್ಲಿ ಆದವು. ಪಕ್ಕದ ನಾಲ್ಕು ಟ್ರಿಲ್ ಕೀಗಳಿಂದಲೇ ಶುರು ಮಾಡಿ ಅಂತ ಹೇಳುತ್ತೇನೆ. ಅವು ಯಾವಾಗಲೂ ಮುಚ್ಚಿಯೇ ಇರುವಂಥವು, ಸ್ಪ್ರಿಂಗೇ ಒತ್ತಿ ಹಿಡಿಯುತ್ತದೆ, ಬೇರೆ ಯಾವ ಕೀಗೂ ಜೋಡಣೆ ಇಲ್ಲ. ಕೈ ಪಳಗುತ್ತದೆ. ರಿಜಿಸ್ಟರ್ ಕೀಗೆ (ಮೇಲಿನ ಸ್ಥಾಯಿಗೆ ಹೋಗಲು ಹೆಬ್ಬೆರಳಿನಲ್ಲಿ ಒತ್ತುವುದು) ಪೊರೆಯ ಪ್ಯಾಡ್ ಬದಲು ಕಿಟ್‌ನ ಕಾರ್ಕ್ ಹಾಳೆಯಿಂದಲೇ ಒಂದು ಬಿಲ್ಲೆ ಕತ್ತರಿಸಿ ಹಾಕಿದೆ, ಕಾರ್ಕ್ ಗುಣಮಟ್ಟ ಚೆನ್ನಾಗಿದೆ. ಎ ಕೀಯ ಮೇಲೆ (ಕೀಗಳಿಗೆ ಪಾಶ್ಚಾತ್ಯ ಸ್ವರಗಳ ಹೆಸರು) ಒಂದು ಪುಟ್ಟ ಸ್ಕ್ರೂ ಇದೆ, ಪಕ್ಕದ ಜಿ ಶಾರ್ಪ್ ಕೀಯನ್ನು ಮುಟ್ಟುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಅದನ್ನು ಸ್ವಲ್ಪ ಸಡಿಲಿಸಲೇಬೇಕು. ಬಿಗಿಯಾಗಿದ್ದರೆ ಒಂದು ಪ್ಯಾಡ್ ಪೂರ್ತಿ ಮುಚ್ಚುವುದೇ ಇಲ್ಲ, ಪ್ಯಾಡೇ ಸರಿ ಕೂತಿಲ್ಲ ಅಂದುಕೊಂಡು ನಾನು ಒಂದು ಗಂಟೆ ಅದರ ಹಿಂದೆ ಬಿದ್ದಿದ್ದೆ.

ಕೆಳಗಿನ ಜಾಯಿಂಟ್ ಬೇರೆಯೇ ಲೋಕ. ಅಲ್ಲಿ ಬಲಗೈ ಕಿರುಬೆರಳಿನ ಇ ಕೀ ಒತ್ತಿದರೆ ಅದರ ಪ್ಯಾಡ್ ಜೊತೆಗೆ ಪಕ್ಕದ ಎಫ್ ಪ್ಯಾಡ್ ಕೂಡ ಅದೇ ಕ್ಷಣಕ್ಕೆ ಮುಚ್ಚಬೇಕು. ಎರಡನ್ನೂ ಜೋಡಿಸುವ ಭಾಗಕ್ಕೆ ಕಾಗೆಕಾಲು ಅನ್ನುತ್ತಾರೆ, ನೋಡೋಕೂ ಹಾಗೇ ಇದೆ. ಒಂದು ಪ್ಯಾಡ್ ಕೂದಲಷ್ಟು ಮೊದಲು ತಾಗಿದರೂ ಇನ್ನೊಂದು ಸೋರುತ್ತದೆ. ಇದನ್ನು ಸರಿ ಮಾಡು, ಅದು ಹೋಯಿತು. ಅದನ್ನು ಮಾಡು, ಇದು. ನಾಲ್ಕು ಸಂಜೆ ಕೂತೆ. ಕೊನೆಗೆ ವಾದ್ಯ ಎತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಎರಡೂ ಪ್ಯಾಡ್ ಕೆಳಗೆ ಒಂದೊಂದು ಕಾಗದದ ಪಟ್ಟಿ ಇಟ್ಟು, ಎರಡನ್ನೂ ಒಟ್ಟಿಗೆ ಎಳೆದು ನೋಡಿ, ಕಾಗೆಕಾಲನ್ನು ಹೆಬ್ಬೆರಳಿನಲ್ಲಿ ಅಷ್ಟೇ ಅಷ್ಟು ಬಾಗಿಸಿದರು. ಐದು ನಿಮಿಷ. ಹೊಸಬರಿಗೆ ನನ್ನ ಸಲಹೆ: ಮೇಲಿನ ಜಾಯಿಂಟ್ ನೀವೇ ಮಾಡಿ, ಕೆಳಗಿನ ದೊಡ್ಡ ನಾಲ್ಕನ್ನು ಗೊತ್ತಿರುವವರ ಪಕ್ಕದಲ್ಲಿ ಕೂತು ಮಾಡಿ.

ಒಟ್ಟು ಖರ್ಚು: ಕಿಟ್ 640, ಸ್ಕ್ರೂ ಡ್ರೈವರ್ ಸೆಟ್, ಅರಗು, ಸ್ಪಿರಿಟ್, ಅಳತೆಗೆ ಆಗದ್ದಕ್ಕೆ ಬಿಡಿಯಾಗಿ ತರಿಸಿದ ಐದು ಪ್ಯಾಡ್ ಎಲ್ಲ ಸೇರಿ 1,500ರ ಹತ್ತಿರ. ಮತ್ತೆ ತರಿಸುವುದಾದರೆ ಇದೇ ಕಿಟ್ ತರಿಸುವುದಿಲ್ಲ. ಅಳತೆ ಹೇಳಿ ಬಿಡಿ ಪ್ಯಾಡ್ ಕೊಡುವ ಕಡೆಯಿಂದ, ಪ್ರತಿ ಅಳತೆಯಲ್ಲಿ ಎರಡು ಜಾಸ್ತಿ ತರಿಸುತ್ತೇನೆ. ಆದರೆ ಯಾರಾದರೂ ಈಗಾಗಲೇ ಇಂಥ ಕಿಟ್ ತರಿಸಿಕೊಂಡು ಕೂತಿದ್ದರೆ ವಾಪಸ್ ಕಳಿಸಬೇಡಿ, ಅಂಟು ಒಂದನ್ನು ಬದಿಗಿಟ್ಟು ಶುರು ಮಾಡಿ. ಪ್ಯಾಡ್ ಹಾಕಿ ಈಗ ಏಳು ತಿಂಗಳು, ನಡುವೆ ಮಳೆಗಾಲವೂ ಹೋಯಿತು. ಒಂದು ಪ್ಯಾಡ್ ಮಾತ್ರ ತೇವಕ್ಕೆ ಅಂಟಂಟು ಆಗುತ್ತಿತ್ತು, ಅದರ ಕೆಳಗೆ ಸಿಗರೇಟ್ ಕಾಗದ ಇಟ್ಟು ಎರಡು ಸಲ ಒತ್ತಿದರೆ ಸರಿಹೋಗುತ್ತದೆ. ನುಡಿಸಿದ ಮೇಲೆ ಬಟ್ಟೆ ಎಳೆದು ಒಳಗಿನ ನೀರು ಒರೆಸುವುದನ್ನು ಒಂದು ದಿನವೂ ತಪ್ಪಿಸಿಲ್ಲ.

ಹೋದ ತಿಂಗಳು ಮಾವ ಮನೆಗೆ ಬಂದಿದ್ದರು. ಈಗ ಊದೋಕೆ ಅವರಿಗೆ ಹಲ್ಲಿಲ್ಲ. ವಾದ್ಯ ತೊಡೆಯ ಮೇಲೆ ಇಟ್ಟುಕೊಂಡು ಬರೀ ಬೆರಳಲ್ಲಿ ಒಂದೊಂದೇ ಕೀ ಬಡಿದರು. ಪ್ಯಾಡ್ ಸರಿಯಾಗಿ ಮುಚ್ಚಿದರೆ ಒಳಗಿನಿಂದ ಟೊಪ್ ಅಂತ ತುಂಬಿದ ಸದ್ದು ಬರುತ್ತದೆ. ಟೊಪ್, ಟೊಪ್, ಟೊಪ್ ಅಂತ ಕೇಳುತ್ತಾ ಹೋಗಿ ಮೇಲಿನ ಬೆರಳುತೂತಿನ ಸುತ್ತಲಿನ ಉಂಗುರದ ಪಕ್ಕದ ಚಿಕ್ಕ ಪ್ಯಾಡ್ ಹತ್ತಿರ ನಿಂತರು. ಇನ್ನೊಂದು ಸಲ ಬಡಿದರು. "ಪುಟ್ಟಿ, ಇದೊಂದು ಸೋರ್ತಾ ಇದೆ ನೋಡು" ಅಂದರು. ನಾನು ಕಾಗದ ಇಟ್ಟು ಎಷ್ಟೋ ಸಲ ನೋಡಿದ್ದ ಪ್ಯಾಡ್ ಅದು. ಮತ್ತೆ ಇಟ್ಟು ನೋಡಿದೆ, ಹಿಂದಿನ ಬದಿಯಲ್ಲಿ ಹಿಡಿತ ನಿಜವಾಗಿಯೂ ಸ್ವಲ್ಪ ಕಡಿಮೆ ಇತ್ತು. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಅರಗು ಬಿಸಿ ಮಾಡಿ ಅದನ್ನು ಮತ್ತೆ ಕೂರಿಸಿದೆ.